ತಾಯಿಯನ್ನು ನೋಡಿ ತಂದೆಯನ್ನು ಆರಿಸಬೇಕು

ಫ್ರಾನ್ಸಿನ ಊರಾಸಿ ಎಂಬ ಕುದುರೆಯ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಗಾಡಿ ಕುದುರೆ ಪಂದ್ಯದ ಲೋಕದಲ್ಲಿ ಅದರದು ದೊಡ್ಡ ಹೆಸರು. ಪ್ಯಾರಿಸ್ಸಿನ ವ್ಯಾನ್ಸೆನ್ ಮೈದಾನದಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಪ್ರಿ ದಮೆರಿಕ್ ಯುರೋಪಿನ ಟ್ರಾಟ್ ಓಟದಲ್ಲೆಲ್ಲ ಅತಿ ಪ್ರತಿಷ್ಠೆಯ ಪಂದ್ಯ. ಊರಾಸಿ ಅದನ್ನು 1986ರಿಂದ ಮೂರು ವರ್ಷ ಬಿಡದೆ ಗೆದ್ದಿತು. 1990ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ನಾಲ್ಕನೆಯ ಸಲವೂ ಗೆದ್ದಿತು. ಓಟ ಮುಗಿದ ಮೇಲೆ ಅದನ್ನು ಬೀಜಕ್ಕೆ ಬಿಟ್ಟರು. ಹುಟ್ಟಿದ ಮರಿಗಳೇ ಕಡಿಮೆ, ಅವುಗಳಲ್ಲಿ ತಂದೆಯ ಹತ್ತಿರಕ್ಕೆ ಬಂದದ್ದು ಒಂದೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಮನೆಮಾತಾಗಿದ್ದ ಡ್ಯಾನ್ ಪ್ಯಾಚ್‌ನದೂ ಇದೇ ಕಥೆ. ಆ ಕುದುರೆಯನ್ನು ನೋಡಲು ಊರಿಗೆ ಊರೇ ಸೇರುತ್ತಿತ್ತು, ಅದರ ಸಂತಾನ ಮಾತ್ರ ಇತಿಹಾಸದಲ್ಲಿ ನಿಲ್ಲಲಿಲ್ಲ.

ತದ್ವಿರುದ್ಧವಾದ ಕಥೆಯೂ ಅಮೆರಿಕದಲ್ಲೇ ಇದೆ. 1849ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಜೋನಸ್ ಸೀಲಿ ಎಂಬ ರೈತನ ಲಾಯದಲ್ಲಿ ಕುಂಟು ಹೆಣ್ಣು ಕುದುರೆಯೊಂದು ಗಂಡು ಮರಿ ಹಾಕಿತು. ಸೀಲಿಯ ಬಳಿ ಕೆಲಸಕ್ಕಿದ್ದ ವಿಲಿಯಂ ರೈಸ್‌ಡಿಕ್ ತಾಯಿ ಮರಿ ಎರಡನ್ನೂ ಸೇರಿಸಿ 125 ಡಾಲರಿಗೆ ಕೊಂಡ. ಆ ಮರಿಯೇ ಹ್ಯಾಂಬಲ್‌ಟೋನಿಯನ್. ಪಂದ್ಯದ ಕಣದಲ್ಲಿ ಅದು ಮಾಡಿದ್ದು ಹೇಳಿಕೊಳ್ಳುವಷ್ಟೇನಿಲ್ಲ. ಆದರೆ 1,300ಕ್ಕೂ ಹೆಚ್ಚು ಮರಿಗಳಿಗೆ ಅದು ತಂದೆಯಾಯಿತು. ಇಂದಿನ ಅಮೆರಿಕದ ಗಾಡಿ ಓಟದ ಕುದುರೆಗಳ ತಂದೆ, ತಂದೆಯ ತಂದೆ ಎಂದು ಹಿಡಿದು ಹಿಂದಕ್ಕೆ ಹೋದರೆ, ಬಹುತೇಕ ಎಲ್ಲವೂ ಅದರ ನಾಲ್ಕು ಗಂಡು ಮಕ್ಕಳಾದ ಜಾರ್ಜ್ ವಿಲ್ಕ್ಸ್, ಡಿಕ್ಟೇಟರ್, ಹ್ಯಾಪಿ ಮೀಡಿಯಂ, ಎಲೆಕ್ಷನೀರ್‌ಗಳಲ್ಲಿ ಒಂದಕ್ಕೆ ಹೋಗಿ ಸೇರುತ್ತವೆ.

ಈ ಕಥೆಗಳನ್ನು ಕೇಳಿ, ಓಟದಲ್ಲಿ ಗೆದ್ದ ಕುದುರೆ ಬೀಜಕ್ಕೆ ಬಾರದು ಎಂಬ ತೀರ್ಮಾನಕ್ಕೆ ಹಾರಬಾರದು. ಸಮ್‌ಬೀಚ್‌ಸಮ್‌ವೇರ್ 21 ಓಟಗಳಲ್ಲಿ 20 ಗೆದ್ದಿತು, ಮಸಲ್ ಹಿಲ್ ಕೂಡ 21ರಲ್ಲಿ 20 ಗೆದ್ದಿತು. ಎರಡೂ ಮುಂದೆ ತಮ್ಮ ಕಾಲದ ಶ್ರೇಷ್ಠ ತಂದೆಗಳೆನಿಸಿದವು. ಪ್ರಿ ದಮೆರಿಕ್ ಎರಡು ಸಲ ಗೆದ್ದ ರೆಡಿ ಕ್ಯಾಶ್‌ಗೆ ಹುಟ್ಟಿದ ಬೋಲ್ಡ್ ಈಗಲ್ ಮತ್ತು ಫೇಸ್ ಟೈಮ್ ಬೂರ್ಬೋನ್ ಸಹ ಅದೇ ಪಂದ್ಯವನ್ನು ಎರಡೆರಡು ಸಲ ಗೆದ್ದವು. ಹಾಗಾಗಿ ಓಟದ ಸಾಧನೆ ಒಂದು ಸಾಕ್ಷಿ, ಗಟ್ಟಿ ಸಾಕ್ಷಿಯೇ. ಆದರೆ ತೀರ್ಪು ಹೇಳಲು ಅದೊಂದೇ ಸಾಲದು. ನನ್ನ ವಾದ ಇಷ್ಟು: ಗಾಡಿ ಓಟದ ಕುದುರೆ ಸಾಕುವವರು ಬೀಜದ ಕುದುರೆಯನ್ನು ಆರಿಸುವಾಗ ತಮ್ಮ ಲಾಯದಲ್ಲಿರುವ ಹೆಣ್ಣು ಕುದುರೆಯನ್ನು ಕೊನೆಯಲ್ಲಿ ನೋಡುತ್ತಾರೆ, ಹರಾಜಿನ ಕಟ್ಟೆಯನ್ನು ಮೊದಲು ನೋಡುತ್ತಾರೆ. ಈ ಕ್ರಮ ತಲೆಕೆಳಗಾಗಿದೆ. ಇದರ ಬೆಲೆಯನ್ನು ತೆರುತ್ತಿರುವುದು ಕುದುರೆಗಳು.

ಬೆಂಗಳೂರಿನ ರೇಸ್ ಕೋರ್ಸ್ ಮಾತ್ರ ನೋಡಿದವರಿಗೆ ಈ ಪಂದ್ಯದ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲಿ ಕುದುರೆಯ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಸಲ್ಕಿ ಎಂಬ ಎರಡು ಗಾಲಿಯ ಹಗುರ ಗಾಡಿಯಲ್ಲಿ ಚಾಲಕ ಕೂತಿರುತ್ತಾನೆ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಬಿದ್ದರೆ ಚಾಲಕ ಲಗಾಮು ಜಗ್ಗಿ ಅದನ್ನು ಮತ್ತೆ ಸರಿಯಾದ ನಡೆಗೆ ತರಬೇಕು, ಅಷ್ಟರಲ್ಲಿ ಉಳಿದವು ಮುಂದೆ ಹೋಗಿರುತ್ತವೆ. ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ ಏಳುವ ನಡೆ ಟ್ರಾಟ್. ಒಂದೇ ಮಗ್ಗುಲಿನ ಎರಡೂ ಕಾಲು ಒಟ್ಟಿಗೆ ಏಳುವ ನಡೆ ಪೇಸ್. ಉತ್ತರ ಅಮೆರಿಕದಲ್ಲಿ ಎರಡೂ ಬಗೆಯ ಪಂದ್ಯಗಳಿವೆ, ಫ್ರಾನ್ಸ್ ಮತ್ತು ಸ್ವೀಡನ್ ಟ್ರಾಟ್‌ನ ನಾಡುಗಳು. 1879ರಲ್ಲಿ ಅಮೆರಿಕದ ಸಾಕಣೆದಾರರು ಒಂದು ಮೈಲಿಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಟ್ರಾಟ್ ಮಾಡುವ ಶಕ್ತಿಯನ್ನು ತಳಿಯ ಅಳತೆಗೋಲಾಗಿ ಇಟ್ಟುಕೊಂಡರು. ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ತಳಿ ಹೆಸರು ಪಡೆದದ್ದು ಹಾಗೆ. 2022ರಲ್ಲಿ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಪೇಸರ್ ಅದೇ ಮೈಲಿಯನ್ನು 1 ನಿಮಿಷ 45.8 ಸೆಕೆಂಡಿನಲ್ಲಿ ಮುಗಿಸಿತು. ಆರಿಸಿ ಆರಿಸಿ ಕೂಡಿಸಿದ್ದರ ಫಲ ಇದು, ಇದನ್ನು ಯಾರೂ ಅಲ್ಲಗಳೆಯಲಾರರು. ನನ್ನ ಪ್ರಶ್ನೆ ಇರುವುದು ಈಗ ಆರಿಸುತ್ತಿರುವ ರೀತಿಯ ಮೇಲೆ.

ಮರಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ವಂಶವಾಹಿಗಳು ಬರುತ್ತವೆ. ಯಾವ ಅರ್ಧ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಆದ್ದರಿಂದಲೇ ಒಂದೇ ತಂದೆತಾಯಿಗೆ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಲಕ್ಷಾಂತರ ಡಾಲರ್ ಗೆದ್ದರೆ ಇನ್ನೊಂದು ಒಂದು ಓಟಕ್ಕೂ ನಿಲ್ಲದೆ ಹೋಗುವುದುಂಟು. ಲೆಕ್ಕ ಅರ್ಧ ಅರ್ಧವೇ ಆದರೂ ತಾಯಿಯ ಪಾಲು ಅಲ್ಲಿಗೆ ಮುಗಿಯುವುದಿಲ್ಲ. ಹನ್ನೊಂದು ತಿಂಗಳು ಮರಿ ಬೆಳೆಯುವುದು ಅವಳ ಹೊಟ್ಟೆಯಲ್ಲಿ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ವಂಶವಾಹಿಗಳು ಬರುವುದು ಅವಳೊಬ್ಬಳಿಂದ. ಹಾಲು ಅವಳದು. ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಮರಿ ಹುಲ್ಲುಗಾವಲಿನಲ್ಲಿ ಅಂಟಿಕೊಂಡೇ ತಿರುಗುವುದು ಅವಳ ಮಗ್ಗುಲಿಗೆ, ಬೆದರುವುದನ್ನೂ ಬೆದರದಿರುವುದನ್ನೂ ಕಲಿಯುವುದು ಅವಳನ್ನು ನೋಡಿ. ತಂದೆಯನ್ನು ಅದು ಕಣ್ಣಿಂದಲೂ ಕಂಡಿರುವುದಿಲ್ಲ.

ಅಮೂರ್ ಆಂಗಸ್ ಎಂಬ ತಾಯಿ ಕುದುರೆಯ ಉದಾಹರಣೆ ನೋಡಿ. ಗಾರ್ಲಂಡ್ ಲೋಬೆಲ್ ಜೊತೆ ಕೂಡಿಸಿದಾಗ ಅದಕ್ಕೆ ಆಂಗಸ್ ಹಾಲ್, ಕಾನ್ವೇ ಹಾಲ್, ಆಂಡೋವರ್ ಹಾಲ್ ಎಂಬ ಮೂರು ಗಂಡು ಮಕ್ಕಳು ಹುಟ್ಟಿದವು. ಮೂರೂ ಓಡಿದವು, ಮೂರೂ ಮುಂದೆ ಹೆಸರಾದ ತಂದೆಗಳಾದವು. ಕಾನ್ವೇ ಹಾಲ್‌ನ ಮೊಮ್ಮಗ ಚಾಪ್ಟರ್ ಸೆವೆನ್ ತನ್ನ ಕಾಲದ ಅಗ್ರ ಟ್ರಾಟರ್. ಅದರ ಮಗ ವಾಲ್ನರ್ ಇಂದು ಎಲ್ಲರೂ ಬೆನ್ನುಹತ್ತಿರುವ ತಂದೆ. ವಂಶಾವಳಿಯ ಹಾಳೆಯಲ್ಲಿ ಈ ಸಾಲು ತಂದೆ, ಮಗ, ಮೊಮ್ಮಗ ಎಂದು ಗಂಡು ಹೆಸರುಗಳಲ್ಲೇ ಹರಿಯುತ್ತದೆ. ಗಾರ್ಲಂಡ್ ಲೋಬೆಲ್ ಬೇರೆ ಎಷ್ಟೋ ಹೆಣ್ಣುಗಳಿಗೆ ಕೂಡಿದೆ. ಮೂವರು ಇಂಥ ಮಕ್ಕಳನ್ನು ಕೊಟ್ಟದ್ದು ಈ ಒಂದು ಹೊಟ್ಟೆ. ತಾಯಿಯಂತೆ ಮಗಳು ಎನ್ನುವ ನಮ್ಮ ಗಾದೆಯನ್ನು ಇಲ್ಲಿ ಗಂಡು ಮಕ್ಕಳಿಗೂ ಹೇಳಬಹುದು.

ಹಾಗಾದರೆ ತಾಯಿಯನ್ನು ನೋಡಿ ತಂದೆಯನ್ನು ಆರಿಸುವುದು ಅಂದರೇನು? ಮೊದಲು ಅವಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ಅವಳು ಓಡಿದ್ದಳೇ, ಎಷ್ಟು ವರ್ಷ ಓಡಿದಳು, ಯಾಕೆ ನಿಲ್ಲಿಸಿದಳು? ಮೊಣಕಾಲು ನೇರವಿದೆಯೇ, ಗೊರಸು ಹೊರಕ್ಕೆ ತಿರುಗಿದೆಯೇ, ಹಿಂಗಾಲಿನ ಕೀಲು ಹೇಗಿದೆ? ಗಾಡಿ ಕಟ್ಟಿದರೆ ಶಾಂತವೇ, ಅಥವಾ ಗೇಟಿನ ಹಿಂದೆ ನಿಂತಾಗಲೇ ಬೆವರಿ ಅರ್ಧ ಶಕ್ತಿ ಕಳೆದುಕೊಳ್ಳುತ್ತಿದ್ದಳೇ? ಹಿಂದಿನ ಮರಿಗಳು ಯಾರಿಗೆ ಹುಟ್ಟಿದವು, ಏನಾದವು? ಇಷ್ಟಕ್ಕೂ ಉತ್ತರ ಸಿಕ್ಕಮೇಲೆ ಅವಳಲ್ಲಿ ಏನು ಕೊರತೆ ಎಂದು ಗೊತ್ತಾಗುತ್ತದೆ. ಆ ಕೊರತೆ ಇಲ್ಲದ, ಆ ಭಾಗದಲ್ಲಿ ಗಟ್ಟಿಯಾದ ಗಂಡನ್ನು ಹುಡುಕಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಗೊರಸು ಹೊರಕ್ಕೆ ತಿರುಗಿದ ಹೆಣ್ಣಿಗೆ ಒಳಕ್ಕೆ ತಿರುಗಿದ ಗಂಡನ್ನು ಕೂಡಿಸಿದರೆ ನೇರ ಕಾಲಿನ ಮರಿ ಹುಟ್ಟುತ್ತದೆ ಎಂದು ಕೆಲವರು ಎಣಿಸುತ್ತಾರೆ. ದೇಹ ಹಾಗೆ ಕೂಡಿಸಿ ಭಾಗಿಸುವ ಲೆಕ್ಕವಲ್ಲ. ಡೊಂಕಿಗೆ ಮದ್ದು ನೇರವಾದದ್ದು, ಎದುರು ಡೊಂಕಲ್ಲ. ಅದೇ ರೀತಿ, ಗಿಡ್ಡ ಹೆಣ್ಣಿಗೆ ಅತಿ ಎತ್ತರದ ಗಂಡು ತಂದರೆ ಮಧ್ಯಮ ಗಾತ್ರವೇ ಬರುತ್ತದೆ ಎಂಬ ಭರವಸೆಯೂ ಇಲ್ಲ.

ಕೀಲಿನೊಳಗೆ ಎಲುಬು ಮತ್ತು ಮೃದ್ವಸ್ಥಿ ಸರಿಯಾಗಿ ಕೂಡದೆ ಚೂರು ಬಿಡುವ ಒಂದು ರೋಗವಿದೆ. ಸ್ಟ್ಯಾಂಡರ್ಡ್‌ಬ್ರೆಡ್ ಮರಿಗಳ ಹಿಂಗಾಲಿನ ಕೀಲಿನಲ್ಲಿ ಇದು ಸಾಮಾನ್ಯ. ಮೇವು, ಬೆಳವಣಿಗೆಯ ವೇಗ, ನೆಲ ಎಲ್ಲವೂ ಇದಕ್ಕೆ ಕಾರಣಗಳೇ, ಆದರೆ ವಂಶದ ಪಾಲೂ ಇದೆಯೆಂದು ಸ್ಕ್ಯಾಂಡಿನೇವಿಯದ ಅಧ್ಯಯನಗಳು ಬಹಳ ಹಿಂದೆಯೇ ತೋರಿಸಿವೆ. ಮರಿಯ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಶುದ್ಧ ಮಾಡಬಹುದು, ಅದು ಚೆನ್ನಾಗಿ ಓಡಲೂಬಹುದು. ಆದರೆ ಆಪರೇಷನ್ ಆದದ್ದು ಕೀಲಿಗೆ, ಬೀಜಕ್ಕಲ್ಲ. ಅದೇ ಮರಿ ದೊಡ್ಡದಾಗಿ ಬೀಜಕ್ಕೆ ನಿಂತಾಗ ಜಾಹೀರಾತಿನಲ್ಲಿ ಅದರ ವೇಗ ಇರುತ್ತದೆ, ಎಕ್ಸ್‌ರೇ ಇರುವುದಿಲ್ಲ. ಹೆಣ್ಣು ಕುದುರೆಯ ಒಡೆಯ ಅದನ್ನು ಕೇಳಿ ನೋಡಬೇಕು. ಕೇಳುವುದು ಅವನ ಹಕ್ಕು.

ಇನ್ನು ಅಂಕಿಗಳ ಮಾತು. ಯಾವ ಬೀಜದ ಕುದುರೆಯ ಮರಿಗಳು ಈ ವರ್ಷ ಒಟ್ಟು ಎಷ್ಟು ಹಣ ಗೆದ್ದವು ಎಂಬ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಆ ಪಟ್ಟಿ ಎರಡು ಕಡೆಯಿಂದ ದಾರಿ ತಪ್ಪಿಸುತ್ತದೆ. ಒಂದು ವರ್ಷದಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಗಳಿಗೆ ಕೂಡಿದ ಕುದುರೆಯ ಒಟ್ಟು ಗಳಿಕೆ, ನಲವತ್ತಕ್ಕೆ ಕೂಡಿದ ಕುದುರೆಯದಕ್ಕಿಂತ ಹೆಚ್ಚಿರುವುದು ಸಹಜ. ಹಾಗಾಗಿ ಹುಟ್ಟಿದ ಮರಿಗಳಲ್ಲಿ ಎಷ್ಟು ಕಣಕ್ಕೆ ಬಂದವು, ಬಂದವುಗಳಲ್ಲಿ ನಡುವಿನ ಮರಿ ಎಷ್ಟು ಗಳಿಸಿತು ಎಂಬುದನ್ನು ಕೇಳಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ದುಬಾರಿ ಗಂಡಿಗೆ ದುಬಾರಿ ಹೆಣ್ಣುಗಳೇ ಬರುತ್ತವೆ. ಹುಟ್ಟಿದ ಮರಿಗಳು ಒಳ್ಳೆಯ ತರಬೇತುದಾರರ ಕೈಗೆ ಹೋಗುತ್ತವೆ. ಅವು ಗೆದ್ದರೆ ಅದರಲ್ಲಿ ತಂದೆಯ ಪಾಲೆಷ್ಟು, ತಾಯಿಯದೆಷ್ಟು, ತರಬೇತಿಯದೆಷ್ಟು? ಒಟ್ಟು ಗಳಿಕೆಯ ಪಟ್ಟಿ ಇದನ್ನು ಬಿಡಿಸಿ ಹೇಳುವುದಿಲ್ಲ. ಬಿಡಿಸುವ ಸರಳ ದಾರಿಯೊಂದಿದೆ: ಈ ಗಂಡಿಗೆ ಮರಿ ಕೊಟ್ಟ ಹೆಣ್ಣುಗಳು ಬೇರೆ ಗಂಡುಗಳಿಗೆ ಕೊಟ್ಟ ಮರಿಗಳು ಹೇಗೆ ಓಡಿದವು ಎಂದು ಹೋಲಿಸುವುದು. ಅದೇ ತಾಯಂದಿರ ಉಳಿದ ಮಕ್ಕಳಿಗಿಂತ ಇವನ ಮಕ್ಕಳು ಮೇಲಿದ್ದರೆ ಅದು ಅವನ ಗುಣ, ಕೆಳಗಿದ್ದರೆ ಅವನು ಹೆಣ್ಣುಗಳ ಬಲದ ಮೇಲೆ ಮೆರೆಯುತ್ತಿದ್ದಾನೆ. ಸ್ವೀಡನ್‌ನಲ್ಲಿ ಎಲ್ಲ ಬಂಧುಗಳ ಓಟದ ದಾಖಲೆಯನ್ನೂ ಒಟ್ಟಿಗೆ ತೂಗಿ, ಸರಾಸರಿಯನ್ನು 100 ಎಂದಿಟ್ಟು, ಪ್ರತಿ ಕುದುರೆಗೂ ತಳಿ ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಫ್ರಾನ್ಸ್‌ನಲ್ಲೂ ಇಂಥದೊಂದು ಲೆಕ್ಕವಿದೆ. ಅಮೆರಿಕದ ಹರಾಜು ಪುಸ್ತಕಗಳಲ್ಲಿ ಕಪ್ಪು ದಪ್ಪಕ್ಷರದಲ್ಲಿ ಗೆದ್ದವರ ಹೆಸರುಗಳಿರುತ್ತವೆ, ಸೋತ ಅಕ್ಕತಂಗಿಯರು ಅಲ್ಲಿ ಕಾಣುವುದಿಲ್ಲ.

ಸೂಚ್ಯಂಕವೂ ಪರಿಪೂರ್ಣವಲ್ಲ, ಮರಿಗಳು ಓಡಿದ ಮೇಲಷ್ಟೇ ಅದಕ್ಕೆ ಬಲ. ಇಲ್ಲೇ ಈ ಇಡೀ ವ್ಯವಹಾರದ ದೊಡ್ಡ ಕುರುಡುತನ ಇರುವುದು. ಅಮೆರಿಕದಲ್ಲಿ ದೊಡ್ಡ ಹೆಸರಿನ ಗಂಡುಗಳನ್ನು ಹೆಚ್ಚಾಗಿ ಮೂರನೆಯ ವಯಸ್ಸು ಮುಗಿಯುತ್ತಲೇ ಓಟ ಬಿಡಿಸಿ ಬೀಜಕ್ಕೆ ತರುತ್ತಾರೆ. ಅಂಥದೊಂದು 2020ರ ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿತೆಂದುಕೊಳ್ಳಿ. ಮೊದಲ ಮರಿಗಳು 2021ರ ವಸಂತದಲ್ಲಿ ಹುಟ್ಟುತ್ತವೆ. 2022ರ ಶರತ್ಕಾಲದಲ್ಲಿ ಒಂದು ವರ್ಷ ದಾಟಿದ ಮರಿಗಳಾಗಿ ಕೆಂಟಕಿಯ ಲೆಕ್ಸಿಂಗ್ಟನ್ ಮತ್ತು ಪೆನ್ಸಿಲ್ವೇನಿಯದ ಹ್ಯಾರಿಸ್‌ಬರ್ಗ್ ಹರಾಜುಗಳಿಗೆ ಬರುತ್ತವೆ. ಓಡುವುದು 2023ರ ಬೇಸಿಗೆಯಲ್ಲಿ. ಅಂದರೆ 2020, 21, 22, 23 ನಾಲ್ಕು ಋತುಗಳಲ್ಲಿ ಹೆಣ್ಣು ಕಳಿಸಿದವರಿಗೆ ಆ ಗಂಡಿನ ಒಂದು ಮರಿಯೂ ಓಡಿದ್ದು ಗೊತ್ತಿಲ್ಲ. ಅವರು ಕೊಂಡದ್ದು ಊಹೆಯನ್ನು. ಆದರೂ ಮೊದಲ ವರ್ಷ ಹೊಸ ಗಂಡಿಗೆ ನೂಕುನುಗ್ಗಲು, ಹತ್ತು ವರ್ಷದಿಂದ ಒಳ್ಳೆಯ ಮರಿ ಕೊಡುತ್ತಾ ಬಂದ ಗಂಡಿನ ಬಾಗಿಲಲ್ಲಿ ಸಾಲು ಚಿಕ್ಕದು.

ಯಾಕೆ ಹೀಗೆ? ಹರಾಜಿನ ಕೊಳ್ಳುಗನಿಗೆ ಕನಸು ಬೇಕು. ಓಡಿ ತೋರಿಸಿದ ಗಂಡಿನ ಮಕ್ಕಳಲ್ಲಿ ಗುಣವೂ ಗೊತ್ತು, ಮಿತಿಯೂ ಗೊತ್ತು. ಹೊಸಬನ ಮಕ್ಕಳಲ್ಲಿ ಮಿತಿ ಇನ್ನೂ ಕಂಡಿಲ್ಲ, ಆದ್ದರಿಂದ ಬೆಲೆ ಏರುತ್ತದೆ. ಮಾರಲೆಂದೇ ಮರಿ ಹುಟ್ಟಿಸುವವನು ಇದನ್ನು ಬಲ್ಲ. ಅವನು ತನ್ನ ಹೆಣ್ಣಿಗೆ ಯಾವ ಗಂಡು ಹೊಂದುತ್ತದೆ ಎಂದು ಕೇಳುವುದಿಲ್ಲ, ಎರಡು ವರ್ಷದ ನಂತರ ಹರಾಜಿನ ಕಟ್ಟೆಯಲ್ಲಿ ಯಾವ ಹೆಸರಿಗೆ ಕೈ ಏಳುತ್ತದೆ ಎಂದು ಕೇಳುತ್ತಾನೆ. ಅವನನ್ನು ನಾನು ಹೀಗಳೆಯುವುದಿಲ್ಲ. ಹುಲ್ಲು, ಲಾಳ, ಪಶುವೈದ್ಯ, ಆಳು ಎಲ್ಲದಕ್ಕೂ ಹಣ ಬೇಕು. ಅಗ್ಗದ ಗಂಡಿನ ಮರಿಯನ್ನು ಸಾಕುವ ಖರ್ಚೂ ದುಬಾರಿ ಗಂಡಿನ ಮರಿಯದಷ್ಟೇ. ಹೆಸರಾದ ಗಂಡಿನ ಶುಲ್ಕ ಹತ್ತಾರು ಸಾವಿರ ಡಾಲರ್ ಇರುತ್ತದೆ. ಎಷ್ಟೋ ಕರಾರುಗಳಲ್ಲಿ ಮರಿ ಹುಟ್ಟಿ, ಎದ್ದು ನಿಂತು ಹಾಲು ಕುಡಿದ ಮೇಲೆಯೇ ಅದನ್ನು ಕೊಡಬೇಕಾದ್ದು ಎಂಬುದೊಂದು ಸಮಾಧಾನ. ಇಂಥ ಲೆಕ್ಕದಲ್ಲಿ ಬದುಕುವವನಿಗೆ ಮಾರುಕಟ್ಟೆಯನ್ನು ಮರೆತುಬಿಡು ಎಂದು ಹೇಳುವುದು ಸುಲಭ, ಅವನ ಸಾಲವನ್ನು ತೀರಿಸುವವರು ಯಾರು?

ಭೂಗೋಳವೂ ಅವನ ಕೈ ಕಟ್ಟುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೊದಲ್ಲಿ, ಆಯಾ ಪ್ರದೇಶದಲ್ಲಿ ನಿಂತ ಬೀಜದ ಕುದುರೆಗಳ ಮಕ್ಕಳಿಗೆಂದೇ ಮೀಸಲಾದ ಪಂದ್ಯಸರಣಿಗಳಿವೆ, ಅವುಗಳ ಬಹುಮಾನ ಸಣ್ಣದಲ್ಲ. ನ್ಯೂಯಾರ್ಕಿನ ಸರಣಿಯಲ್ಲಿ ಓಡಬೇಕಾದರೆ ತಂದೆ ನ್ಯೂಯಾರ್ಕಿನಲ್ಲಿ ನಿಂತಿರಬೇಕು. ಹಾಗಾಗಿ ಹೆಣ್ಣಿಗೆ ಅತ್ಯಂತ ಹೊಂದುವ ಗಂಡು ಪಕ್ಕದ ರಾಜ್ಯದಲ್ಲಿದ್ದರೂ ತನ್ನ ರಾಜ್ಯದ ಎರಡನೆಯ ದರ್ಜೆಯದನ್ನು ಒಪ್ಪಿಕೊಳ್ಳುವವರಿದ್ದಾರೆ. ಸ್ಥಳೀಯ ರೈತರನ್ನು ಉಳಿಸಿದ ಯೋಜನೆಗಳಿವು, ಬೇಡವೆನ್ನಲಾಗದು. ಆದರೆ ಇವು ಎರಡು ಮತ್ತು ಮೂರರ ವಯಸ್ಸಿನ ಮರಿಗಳ ಮೇಲೆಯೇ ಹಣ ಸುರಿಯುತ್ತವೆ. ಆ ವಯಸ್ಸಿಗೆ ವೇಗ ತೋರಿಸುವ, ಬೇಗ ಬಲಿಯುವ ಮರಿಗಳನ್ನು ಕೊಡುವ ಗಂಡೇ ಒಳ್ಳೆಯ ಗಂಡು ಎಂಬ ಮಾತು ಹೀಗೆ ಬೇರೂರಿದೆ.

ಫಾಯಿಲ್ಡ್ ಅಗೇನ್ ಎಂಬ ಪೇಸರ್ 2004ರಲ್ಲಿ ಹುಟ್ಟಿತು, ಹದಿನಾಲ್ಕರ ವಯಸ್ಸಿನವರೆಗೆ ಓಡಿತು. 331 ಓಟ, 109 ಗೆಲುವು, 76 ಲಕ್ಷ ಡಾಲರಿಗೂ ಮೀರಿದ ಗಳಿಕೆ. ಅದರ ತಂದೆ ಡ್ರ್ಯಾಗನ್ ಅಗೇನ್ ಎಂದೂ ಅತಿ ದುಬಾರಿ ಹೆಸರಾಗಿರಲಿಲ್ಲ. ಆ ಎಲುಬು, ಆ ಮನಸ್ಸು ಮುಂದಿನ ಪೀಳಿಗೆಗೆ ಬೇಕಿತ್ತು ಅನ್ನಿಸುತ್ತದೆ ಅಲ್ಲವೇ? ಆದರೆ ಅದು ಬೀಜ ಒಡೆದ ಕುದುರೆ. 1930ರ ದಶಕದಲ್ಲಿ ಟ್ರಾಟ್ ದಾಖಲೆಗಳನ್ನೆಲ್ಲ ಮುರಿದ ಗ್ರೇಹೌಂಡ್ ಕೂಡ ಹಾಗೆಯೇ. ಬಹುಕಾಲ ಬಾಳಿ ಓಡುವವು ಹೆಚ್ಚಾಗಿ ಬೀಜ ಒಡೆದವು, ಬೀಜಕ್ಕೆ ಬರುವವು ಎಳೆ ವಯಸ್ಸಿನಲ್ಲೇ ಓಟ ಬಿಟ್ಟವು. ಆರು, ಏಳರ ವಯಸ್ಸಿನಲ್ಲಿ ತಮ್ಮ ಕಾಲು ತಾಳುತ್ತಿತ್ತೇ ಇಲ್ಲವೇ ಎಂಬ ಪರೀಕ್ಷೆಗೇ ಅವು ಒಳಗಾಗಿಲ್ಲ. ಈ ಕೊರತೆಯನ್ನು ತುಂಬಲು ಇರುವುದು ಒಂದೇ ದಾರಿ: ಗಂಡಿನ ಮಕ್ಕಳು ನಾಲ್ಕು, ಐದು, ಆರರಲ್ಲಿ ಇನ್ನೂ ಓಡುತ್ತಿವೆಯೇ ಎಂದು ನೋಡುವುದು. ಫ್ರಾನ್ಸಿನಲ್ಲಿ ಈ ನೋಟ ಸಹಜವಾಗಿದೆ, ಏಕೆಂದರೆ ಅಲ್ಲಿನ ದೊಡ್ಡ ಪಂದ್ಯ ಬಲಿತ ಕುದುರೆಗಳದು. ಊರಾಸಿಗೆ ಹತ್ತರಲ್ಲಿ ಗೆಲ್ಲಲು ಅವಕಾಶವಿದ್ದದ್ದೇ ಅದಕ್ಕೆ.

ಒಂದು ವಂಶವಾಹಿಯ ಕಥೆಯೂ ಇದನ್ನೇ ಹೇಳುತ್ತದೆ. 2012ರಲ್ಲಿ ಸ್ವೀಡನ್ನಿನ ಉಪ್ಸಲಾದ ಲೇಫ್ ಆಂಡರ್ಸನ್ ತಂಡ ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆ ಕುದುರೆಯ ನಡೆಯನ್ನು ನಿರ್ಧರಿಸುತ್ತದೆಂದು ಪ್ರಕಟಿಸಿತು. ಅದರ ಎರಡು ಪ್ರತಿ ಇದ್ದರೆ ಕುದುರೆ ನಾಗಾಲೋಟಕ್ಕೆ ಬೀಳದೆ ಅತಿ ವೇಗದಲ್ಲಿ ಟ್ರಾಟ್ ಅಥವಾ ಪೇಸ್ ಮಾಡಬಲ್ಲದು. ಅಮೆರಿಕದ ಸ್ಟ್ಯಾಂಡರ್ಡ್‌ಬ್ರೆಡ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಎರಡು ಪ್ರತಿ ಇವೆ. ಫ್ರಾನ್ಸಿನ ಟ್ರಾಟರುಗಳಲ್ಲಿ ಒಂದೇ ಪ್ರತಿ ಇರುವವೂ ಬಹಳ. ಎಳೆ ವಯಸ್ಸಿನಲ್ಲಿ ಅವು ಹಿಂದುಳಿದರೂ ಬಲಿತ ಮೇಲೆ, ಅದರಲ್ಲೂ ಸವಾರನನ್ನು ಹೊತ್ತು ಓಡುವ ಟ್ರಾಟ್ ಪಂದ್ಯಗಳಲ್ಲಿ, ಮುಂದೆ ಬರುತ್ತವೆಂದು ಅಧ್ಯಯನಗಳು ಕಂಡುಕೊಂಡಿವೆ. ಎರಡರ ವಯಸ್ಸಿನ ಗಡಿಯಾರ ಹಿಡಿದು ಆರಿಸಿದ್ದರೆ ಈ ಕುದುರೆಗಳು ಎಂದೋ ತಳಿಯಿಂದ ಹೊರಗೆ ಹೋಗಿರುತ್ತಿದ್ದವು.

ಈಗ ಒಬ್ಬ ಸಾಕಣೆದಾರನ ಆಯ್ಕೆಯಿಂದ ಎಲ್ಲರ ಆಯ್ಕೆಗೆ ಬರೋಣ. ಕುಣಿಗಲ್ಲಿನ ಫಾರ್ಮಿನಲ್ಲಿ ಬೆಳೆಸುವಂಥ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಜಗತ್ತಿನಲ್ಲೆಲ್ಲೂ ಒಪ್ಪಿಗೆಯಿಲ್ಲ, ಗಂಡು ಹೆಣ್ಣು ಎದುರುಬದುರಾಗಿಯೇ ಕೂಡಬೇಕು. ಸ್ಟ್ಯಾಂಡರ್ಡ್‌ಬ್ರೆಡ್‌ನಲ್ಲಿ ಒಪ್ಪಿಗೆಯಿದೆ. ತಂಪು ಮಾಡಿದ ವೀರ್ಯ ವಿಮಾನದಲ್ಲಿ ರಾಜ್ಯದಿಂದ ರಾಜ್ಯಕ್ಕೆ, ಹೆಪ್ಪುಗಟ್ಟಿಸಿದ್ದು ಖಂಡದಿಂದ ಖಂಡಕ್ಕೆ ಹೋಗುತ್ತದೆ. ಬಡ ಹೆಣ್ಣಿನ ಒಡೆಯನಿಗೂ ದೂರದ ಒಳ್ಳೆಯ ಗಂಡು ಎಟುಕುವಂತಾದದ್ದು ಇದರ ದೊಡ್ಡ ಲಾಭ. ನಷ್ಟವೂ ಅಲ್ಲೇ ಇದೆ. ಎಲ್ಲರಿಗೂ ಎಟುಕಿದಾಗ ಎಲ್ಲರೂ ಅದೇ ನಾಲ್ಕೈದು ಗಂಡುಗಳನ್ನು ಬಯಸುತ್ತಾರೆ.

ಇದರ ಪರಿಣಾಮವನ್ನು ಹಸುಗಳಲ್ಲಿ ಆಗಲೇ ಕಂಡಿದ್ದೇವೆ. ನಮ್ಮ ಹಳ್ಳಿಗಳ ಕೊಟ್ಟಿಗೆಗಳಿಗೂ ಬಂದಿರುವ ಎಚ್.ಎಫ್. ತಳಿಯಲ್ಲಿ, ಅಂದರೆ ಹೋಲ್‌ಸ್ಟೀನ್‌ನಲ್ಲಿ, 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋರಿಯಿತ್ತು. ಅದರ ಹೆಣ್ಣುಮಕ್ಕಳು ಹಾಲಿನ ಹೊಳೆ ಹರಿಸಿದವು, ಅದರ ವೀರ್ಯ ಲೋಕವೆಲ್ಲ ಹೋಯಿತು. ಎಷ್ಟೋ ವರ್ಷಗಳ ಮೇಲೆ ಗೊತ್ತಾದದ್ದು, ಆ ಹೋರಿ ಒಂದು ಮಾರಕ ವಂಶವಾಹಿ ದೋಷವನ್ನು ಹೊತ್ತಿತ್ತು ಎಂದು. ಎರಡೂ ಕಡೆಯಿಂದ ಅದು ಬಂದರೆ ಕರು ಗರ್ಭದಲ್ಲೇ ಸಾಯುತ್ತದೆ. ಲಕ್ಷಾಂತರ ಗರ್ಭಪಾತಗಳಿಗೆ ಆ ಒಂದು ದೋಷ ಕಾರಣವಾಯಿತು. ಚೀಫ್ ಕೆಟ್ಟ ಹೋರಿಯಲ್ಲ. ಪ್ರತಿ ಪ್ರಾಣಿಯಲ್ಲೂ ಇಂಥ ಅಡಗಿದ ದೋಷಗಳು ಒಂದಷ್ಟು ಇರುತ್ತವೆ. ಒಂದೇ ಪ್ರಾಣಿಯನ್ನು ಎಲ್ಲರೂ ಬಳಸಿದಾಗ ಅದರ ದೋಷ ಇಡೀ ತಳಿಯ ದೋಷವಾಗುತ್ತದೆ.

ಅಮೆರಿಕದ ಟ್ರಾಟರುಗಳಲ್ಲಿ ಸ್ಪೀಡಿ ಕ್ರೌನ್, ಸೂಪರ್ ಬೌಲ್, ಆಮೇಲೆ ವ್ಯಾಲಿ ವಿಕ್ಟರಿ ಹೀಗೆ ಕೆಲವೇ ಹೆಸರುಗಳು ವಂಶಾವಳಿಯ ಎಲ್ಲ ಮೂಲೆಗಳಲ್ಲೂ ಕಾಣುತ್ತವೆ. ಗಂಡಿನ ಅಜ್ಜನೂ ಹೆಣ್ಣಿನ ಮುತ್ತಜ್ಜನೂ ಒಂದೇ ಕುದುರೆಯಾದರೆ ಸಾಕಣೆದಾರರು ಅದನ್ನು ಮೂರು ನಾಲ್ಕರ ಒಳಸಂಬಂಧ ಎನ್ನುತ್ತಾರೆ, ಕೆಲವರು ಅದನ್ನೇ ಹುಡುಕಿ ಹೋಗುತ್ತಾರೆ. ಅಂಥ ಒಂದು ಸಂಬಂಧದಿಂದ ಬರುವ ಒಳತಳಿ ಪ್ರಮಾಣ ಶೇಕಡಾ 1.6ರಷ್ಟು ಮಾತ್ರ, ಅಪಾಯವೇನಿಲ್ಲ. ಆದರೆ ಒಂದೇ ಹಾಳೆಯಲ್ಲಿ ಅಂಥವು ಐದಾರು ಸೇರಿದಾಗ ಮೊತ್ತ ಬೆಳೆಯುತ್ತದೆ. ಹ್ಯಾಂಬಲ್‌ಟೋನಿಯನ್ನೇ ಮೆಸೆಂಜರ್ ಎಂಬ ಹಿರಿಯನಿಗೆ ಹಲವು ಕಡೆಯಿಂದ ಸಂಬಂಧಿಯಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ನಿಜ. ಆಗ ಸುತ್ತಲೂ ಬೇರೆ ಬೇರೆ ರಕ್ತದ ಹೆಣ್ಣು ಕುದುರೆಗಳು ಬೇಕಾದಷ್ಟಿದ್ದವು. ಈಗ ದಾಖಲೆ ಪುಸ್ತಕದೊಳಗೆ ಹೊಸ ರಕ್ತ ಹುಡುಕುವುದೇ ಕಷ್ಟ.

ಅದಕ್ಕಾಗಿಯೇ ಅಮೆರಿಕದ ಟ್ರಾಟಿಂಗ್ ಸಂಘ 2009ರಿಂದ ಬೀಜಕ್ಕೆ ಬರುವ ಹೊಸ ಗಂಡುಗಳಿಗೆ ವರ್ಷಕ್ಕೆ 140 ಹೆಣ್ಣುಗಳ ಮಿತಿ ಹಾಕಿತು. ಫ್ರಾನ್ಸಿನಲ್ಲಿ ಮಿತಿ ಇನ್ನೂ ಬಿಗಿ, ವರ್ಷಕ್ಕೆ 100. ತನ್ನ ಕುದುರೆಯನ್ನು ಎಷ್ಟು ಹೆಣ್ಣಿಗೆ ಬಿಡಬೇಕೆಂಬುದು ಒಡೆಯನ ಸ್ವಾತಂತ್ರ್ಯ ಎಂಬ ವಾದ ಇದಕ್ಕೆ ಎದುರು ನಿಲ್ಲುತ್ತದೆ. ಈ ವಾದದ ತೂಕ ನನಗೆ ಗೊತ್ತು, ಆದರೂ ಒಪ್ಪಲಾರೆ. ಬೀಜದ ಕುದುರೆ ಒಬ್ಬನ ಆಸ್ತಿ, ತಳಿ ಯಾರೊಬ್ಬನ ಆಸ್ತಿಯೂ ಅಲ್ಲ. ಐವತ್ತು ವರ್ಷದ ನಂತರ ಹೆಣ್ಣು ಕುದುರೆ ಹಿಡಿದು ಗಂಡು ಹುಡುಕುವವನಿಗೆ ಆರಿಸಲು ಏನಾದರೂ ಉಳಿದಿರಬೇಕು. ಒಬ್ಬೊಬ್ಬನೂ ತನಗೆ ಜಾಣತನವೆನಿಸುವುದನ್ನೇ ಮಾಡಿದಾಗ ಎಲ್ಲರಿಗೂ ಸೇರಿ ನಷ್ಟವಾಗುವ ಜಾಗದಲ್ಲಿ ನಿಯಮ ಬೇಕೇ ಬೇಕು. 140 ಸಹ ಹೆಚ್ಚೆಂದು ನನ್ನ ಅನಿಸಿಕೆ. ಫ್ರಾನ್ಸಿನ 100 ಸರಿಯಾದ ಅಳತೆ.

ಇನ್ನೊಂದು ಮಾತು ಹರಾಜಿನ ಪುಸ್ತಕದಲ್ಲಿ ಬರೆದಿರುವುದಿಲ್ಲ. ಓಡಲಾಗದ ಮರಿ ಅಲ್ಲಿಗೆ ಮಾಯವಾಗುವುದಿಲ್ಲ. ಕುದುರೆ ಇಪ್ಪತ್ತೈದು ವರ್ಷ ಬದುಕಬಲ್ಲ ಜೀವ. ಅಮೆರಿಕದಲ್ಲಿ ಓಟ ಬಿಟ್ಟ ಎಷ್ಟೋ ಸ್ಟ್ಯಾಂಡರ್ಡ್‌ಬ್ರೆಡ್‌ಗಳು ಕಾರು ಬಳಸದ ಆಮಿಷ್ ಸಮುದಾಯದ ರೈತರ ಗಾಡಿ ಎಳೆಯುತ್ತವೆ, ಡಾಂಬರು ರಸ್ತೆಯ ಮೇಲೆ ಮಳೆ ಹಿಮದಲ್ಲಿ. ಕಾಲು ನೇರವಿದ್ದ, ಸ್ವಭಾವ ಶಾಂತವಾದ ಕುದುರೆಗೆ ಇಂಥ ಎರಡನೆಯ ಬದುಕು ಸಿಗುತ್ತದೆ, ಕೆಲವಕ್ಕೆ ಸವಾರಿ ಕಲಿಯುವ ಮಕ್ಕಳ ಮನೆಯೂ ಸಿಗುತ್ತದೆ. ಕೀಲು ಕೆಟ್ಟದ್ದಕ್ಕೆ, ಮುಟ್ಟಿದರೆ ಒದೆಯುವುದಕ್ಕೆ ಎಲ್ಲಿಯೂ ಜಾಗವಿಲ್ಲ. ಗಂಡನ್ನು ಆರಿಸುವ ದಿನವೇ ಈ ಹಣೆಬರಹದ ಒಂದು ಪಾಲು ಬರೆದಾಗಿರುತ್ತದೆ. ಆದ್ದರಿಂದ ಕಾಲಿನ ಗಟ್ಟಿತನ ಮತ್ತು ಸ್ವಭಾವವನ್ನು ವೇಗದ ನಂತರದ ಗುಣಗಳೆಂದು ಎಣಿಸುವವರೊಡನೆ ನನಗೆ ಜಗಳವಿದೆ. ನಾನಾದರೆ ಅವೆರಡನ್ನು ಮೊದಲು ನೋಡುತ್ತೇನೆ. ಆ ಜರಡಿ ದಾಟಿ ಬಂದವುಗಳಲ್ಲಿ ವೇಗ ಹುಡುಕುತ್ತೇನೆ, ಅವುಗಳಲ್ಲಿ ನನ್ನ ಹೆಣ್ಣಿಗೆ ರಕ್ತದಲ್ಲಿ ದೂರವಾದದ್ದನ್ನು ಇಟ್ಟುಕೊಳ್ಳುತ್ತೇನೆ. ಕೊನೆಗೆ ಉಳಿದ ಎರಡು ಮೂರರಲ್ಲಿ ಮಾರುಕಟ್ಟೆ ಯಾವುದನ್ನು ಮೆಚ್ಚುತ್ತದೋ ಅದನ್ನು ಕೂಡಿಸಿದರೆ ಯಾರಿಗೂ ಮೋಸವಿಲ್ಲ. ಮಾರುಕಟ್ಟೆಗೆ ಮಾತಾಡುವ ಹಕ್ಕಿದೆ, ಕೊನೆಯಲ್ಲಿ.

ಸಣ್ಣ ಸಾಕಣೆದಾರ ಇದನ್ನೆಲ್ಲ ಒಬ್ಬನೇ ಮಾಡಲಾರ, ಅವನಿಗೆ ಮಾಹಿತಿ ಸಿಗಬೇಕು. ಉತ್ತರ ಅಮೆರಿಕದ ನೋಂದಣಿ ಸಂಘಗಳ ಬಳಿ ಹುಟ್ಟಿದ ಪ್ರತಿ ಮರಿಯ ತಾಯಿತಂದೆಯ ದಾಖಲೆಯೂ ಓಡಿದ ಪ್ರತಿ ಓಟದ ದಾಖಲೆಯೂ ಇದೆ. ಪ್ರತಿ ಬೀಜದ ಕುದುರೆಗೂ ಮೂರು ಅಂಕಿಗಳನ್ನು ಅವು ಪ್ರತಿ ಜನವರಿಯಲ್ಲಿ, ಹೆಣ್ಣು ಕಳಿಸುವ ಋತು ಶುರುವಾಗುವ ಮೊದಲೇ, ಎಲ್ಲರಿಗೂ ಉಚಿತವಾಗಿ ಪ್ರಕಟಿಸಲಿ: ಹುಟ್ಟಿದ ಮರಿಗಳಲ್ಲಿ ಕಣಕ್ಕೆ ಬಂದವು ಎಷ್ಟು, ಐದರ ವಯಸ್ಸಿನಲ್ಲಿ ಇನ್ನೂ ಓಡುತ್ತಿರುವವು ಎಷ್ಟು, ಅದೇ ತಾಯಂದಿರ ಬೇರೆ ಮಕ್ಕಳೊಡನೆ ಹೋಲಿಸಿದರೆ ಇವು ಎಲ್ಲಿ ನಿಲ್ಲುತ್ತವೆ. ಜೊತೆಗೆ ಬೀಜಕ್ಕೆ ನಿಲ್ಲುವ ಪ್ರತಿ ಗಂಡಿನ ಕೀಲಿನ ಎಕ್ಸ್‌ರೇ ಕಡ್ಡಾಯವಾಗಲಿ.